ಟೇಪಿಗೆ ಕತ್ತರಿ ಹಾಕಿದ್ದು ಅದೇ ಮೊದಲಲ್ಲ

ಆತ್ಮೀಯ ಓದುಗರೇ,

ಅರವತ್ತರ ದಶಕದ ಇಂಗ್ಲಿಷ್ ಪಾಪ್ ತಂಡ ಬೀಟಲ್ಸ್‌ನ ಹಳೆಯ ಹಾಡುಗಳನ್ನು ಕತ್ತರಿಸಿ ಹೊಸದಾಗಿ ಜೋಡಿಸಿದ ‘ಲವ್’ ಆಲ್ಬಮ್ಮನ್ನು ಕಳೆದ ಸಂಚಿಕೆಯಲ್ಲಿ ನಾವು ಮೆಚ್ಚಿ ಬರೆದದ್ದು ನಿಮಗೆ ಬೇಜಾರು ತಂದಿದೆ. ‘ಚೆನ್ನಾಗಿದ್ದ ಮನೆ ಕೆಡವಿ, ಅದರದೇ ಕಲ್ಲು ಮರ ಹಾಕಿ ಇನ್ನೊಂದು ಮನೆ ಕಟ್ಟಿದ್ದಾರೆ. ಹಾಡಿದವರಲ್ಲಿ ಇಬ್ಬರು ಈಗಿಲ್ಲ. ಅವರನ್ನು ಯಾರು ಕೇಳಿದರು?’ ಎಂದು ಬರೆದಿದ್ದೀರಿ. ಪತ್ರವನ್ನು ಎರಡು ಸಲ ಓದಿದೆ. ಆ ಹಾಡುಗಳ ಜೊತೆ ಎಷ್ಟು ವರ್ಷ ಬದುಕಿದ್ದೀರಿ ಅಂತ ಪ್ರತಿ ಸಾಲಿನಲ್ಲೂ ಗೊತ್ತಾಗುತ್ತದೆ. ಸುಮ್ನೆ ಎರಡು ಮಾತು ಬರೆದು ಕೈ ತೊಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಮೊದಲು, ‘ಯಾರು ಕೇಳಿದರು’ ಅನ್ನುವ ಪ್ರಶ್ನೆ. ಬೀಟಲ್ಸ್ ಹಾಡುಗಳಿಗೆ ಸರ್ಕಸ್ ಪ್ರದರ್ಶನ ಕಟ್ಟುವ ಯೋಚನೆ ಹುಟ್ಟಿದ್ದು ತಂಡದ ಜಾರ್ಜ್ ಹ್ಯಾರಿಸನ್ ಮತ್ತು ಸರ್ಕ್ ದು ಸೊಲೇ ಎಂಬ ಸರ್ಕಸ್ ಕಂಪನಿಯ ಗೀ ಲಾಲಿಬರ್ಟೆ ಅವರ ಗೆಳೆತನದಲ್ಲಿ. ಹ್ಯಾರಿಸನ್ 2001ರಲ್ಲಿ ತೀರಿಕೊಂಡರು. ಆಮೇಲೆ ತಂಡದ ಪಾಲ್ ಮೆಕಾರ್ಟ್ನಿ, ರಿಂಗೋ ಸ್ಟಾರ್, ಜಾನ್ ಲೆನನ್ ಹೆಂಡತಿ ಯೋಕೋ ಓನೋ, ಹ್ಯಾರಿಸನ್ ಹೆಂಡತಿ ಒಲಿವಿಯಾ ಎಲ್ಲರೂ ಒಪ್ಪಿದರು. 2006ರಲ್ಲಿ ಲಾಸ್ ವೇಗಸ್‌ನಲ್ಲಿ ಪ್ರದರ್ಶನ ಶುರುವಾಯಿತು. ಅದೇ ವರ್ಷ ಆಲ್ಬಮ್ ಬಂತು. ಅಂದರೆ ನೀವು ಹೇಳುವ ಆ ಇಬ್ಬರಲ್ಲಿ ಒಬ್ಬರ ಆಸೆಯೇ ಇದಕ್ಕೆ ಬೀಜ. ಇನ್ನೊಬ್ಬರಾದ ಲೆನನ್ ವಿಷಯದಲ್ಲಿ ಮಾತ್ರ ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಹೆಂಡತಿ ಒಪ್ಪಿದ್ದು ಗಂಡ ಒಪ್ಪಿದ ಹಾಗಾಗುವುದಿಲ್ಲ.

ಆದರೆ ಮನೆ ಕೆಡವಿದ್ದಾರೆ ಅನ್ನುವುದನ್ನು ನಾನು ಒಪ್ಪಲಾರೆ. ಕೆಲಸ ಹಿಡಿದವರು ಬೀಟಲ್ಸ್ ಹಾಡುಗಳನ್ನು ರೆಕಾರ್ಡ್ ಮಾಡಿಸಿದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಅವರ ಮಗ ಜೈಲ್ಸ್. ಮೂಲ ಟೇಪುಗಳನ್ನು ಮೊದಲು ಕಂಪ್ಯೂಟರಿಗೆ ಪ್ರತಿ ಮಾಡಿಕೊಂಡರು. ಕತ್ತರಿಸಿ ಜೋಡಿಸಿದ್ದೆಲ್ಲ ಆ ಪ್ರತಿಗಳನ್ನು. ಹಳೆಯ ಆಲ್ಬಮ್‌ಗಳು ಅಂಗಡಿಯಿಂದ ಮಾಯವಾಗಲಿಲ್ಲ. 2009ರಲ್ಲಿ ಸ್ಟೀರಿಯೋದಲ್ಲೂ ಮೋನೋದಲ್ಲೂ ಮತ್ತೆ ಬಂದವು. ಹಳೆಯದನ್ನು ವಾಪಸ್ ತಗೊಂಡು ಹೊಸದನ್ನೇ ಕೇಳಿ ಅಂದಿದ್ದರೆ ನಿಮಗಿಂತ ಮೊದಲು ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ.

ಇನ್ನು ಕತ್ತರಿಯ ಮಾತು. ನಿಮಗೆ ಅತಿ ಇಷ್ಟದ ಹಾಡು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಎಂದು ಬರೆದಿದ್ದೀರಿ. 1967ರಲ್ಲಿ ಬಂದ ಆ ಹಾಡು ಒಂದೇ ಸಲ ಹಾಡಿದ್ದಲ್ಲ. ಒಂದು ಟೇಕ್, ಅಂದರೆ ಒಂದು ಸಲದ ರೆಕಾರ್ಡಿಂಗ್, ಮೆತ್ತಗಿತ್ತು. ಇನ್ನೊಂದರಲ್ಲಿ ಚೆಲೋ (ದೊಡ್ಡ ಪಿಟೀಲು), ಟ್ರಂಪೆಟ್ ಎಲ್ಲ ಸೇರಿ ಅಬ್ಬರವಿತ್ತು. ಲೆನನ್‌ಗೆ ಒಂದರ ಶುರು ಬೇಕು, ಇನ್ನೊಂದರ ಕೊನೆ ಬೇಕು. ಎರಡರ ಶ್ರುತಿಯೂ ಬೇರೆ, ಓಟವೂ ಬೇರೆ. ಮಾರ್ಟಿನ್ ಮತ್ತು ಇಂಜಿನಿಯರ್ ಜೆಫ್ ಎಮೆರಿಕ್ ಟೇಪಿನ ವೇಗ ಹೆಚ್ಚುಕಡಿಮೆ ಮಾಡಿ ಎರಡನ್ನೂ ಹೊಂದಿಸಿ, ಕತ್ತರಿಸಿ ಅಂಟಿಸಿದರು. ಹಾಡು ಶುರುವಾಗಿ ಸುಮಾರು ಒಂದು ನಿಮಿಷಕ್ಕೆ ಕಿವಿಗೊಟ್ಟು ಕೇಳಿ. ದನಿ ಸ್ವಲ್ಪ ಭಾರವಾಗುತ್ತದೆ, ಚೆಲೋ ಒಳಗೆ ಬರುತ್ತದೆ. ಅಲ್ಲೇ ಬೆಸುಗೆ. ನೀವು ಮುಟ್ಟಬಾರದು ಅನ್ನುವ ಮೂಲವೇ ಎರಡು ತುಂಡು ಸೇರಿಸಿ ಮಾಡಿದ್ದು, ಅಲ್ವಾ? ಸುಮಾರು ನಲವತ್ತು ವರ್ಷದ ಮೇಲೆ ‘ಲವ್’ನಲ್ಲಿ ಇದೇ ಹಾಡನ್ನು ಲೆನನ್‌ರ ಡೆಮೋದಿಂದ (ಮೊದಲ ಕಚ್ಚಾ ರೆಕಾರ್ಡಿಂಗ್) ಶುರುಮಾಡಿ, ಒಂದೊಂದೇ ಟೇಕ್ ದಾಟಿಸಿ ಬೆಳೆಸಿದ್ದಾರೆ. ಹಾಡು ಕಟ್ಟಿಕೊಳ್ಳುತ್ತಾ ಹೋಗುವುದು ಕಿವಿಗೇ ಕಾಣುತ್ತದೆ.

ನನ್ನನ್ನು ಪೂರ್ತಿ ಸೋಲಿಸಿದ್ದು ಇನ್ನೊಂದು ಜೋಡಣೆ. ಹ್ಯಾರಿಸನ್ ಅವರ ‘ವಿದಿನ್ ಯು ವಿದೌಟ್ ಯು’ 1967ರದು. ದಿಲ್ರುಬಾ, ತಬಲಾ, ತಂಬೂರಿಗಳ ಹಾಡು. ತಂಡದ ಉಳಿದ ಮೂವರು ಅದರಲ್ಲಿ ಏನನ್ನೂ ನುಡಿಸಿರಲಿಲ್ಲ. ‘ಟುಮಾರೋ ನೆವರ್ ನೋಸ್’ 1966ರದು. ರಿಂಗೋ ಡ್ರಮ್ಮಿನ ಮೇಲೆ ಟೇಪ್ ಲೂಪುಗಳು, ಅಂದರೆ ತುದಿ ಸೇರಿಸಿ ಬಳೆ ಮಾಡಿದ ಟೇಪುಗಳು, ಸುತ್ತುತ್ತಾ ಕೂಗುತ್ತವೆ. ಕೇಳಲಿಕ್ಕೆ ಉತ್ತರ ದಕ್ಷಿಣ. ಆದರೆ ಎರಡರಲ್ಲೂ ತಂಬೂರಿಯಿದೆ. ಎರಡೂ ಒಂದು ಶ್ರುತಿ ಹಿಡಿದು ಅಲ್ಲೇ ಕೂತ ಹಾಡುಗಳು. ‘ಲವ್’ನಲ್ಲಿ ಎರಡನ್ನೂ ಒಂದು ಮಾಡಿದ್ದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಹ್ಯಾರಿಸನ್ ದನಿ ನಿಧಾನಕ್ಕೆ ತೇಲಿ ಬರುತ್ತದೆ, ಅದರ ಕೆಳಗೆ ರಿಂಗೋ ಪೆಟ್ಟು ಅದೇ ಹಠದಲ್ಲಿ ಬೀಳುತ್ತಿರುತ್ತದೆ. ಆ ಎರಡು ಹಾಡುಗಳು ಅಣ್ಣ ತಮ್ಮಂದಿರು ಅನ್ನುವುದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಆ ನಂಟು ಮೊದಲಿಂದಲೂ ಟೇಪಿನೊಳಗೇ ಇತ್ತು. ಇದ್ದದ್ದನ್ನು ಕೇಳಿಸಿದರೆ ನನಗೆ ರೀಮಿಕ್ಸ್ ಬೇಕು. ಇಲ್ಲದ್ದನ್ನು ಮೆತ್ತಿದರೆ ಬೇಡ. ಹಳೆಯ ದನಿಯ ಕೆಳಗೆ ಹೊಸ ಡ್ರಮ್ ಸೇರಿಸಿ ಕುಣಿಯುವ ಹಾಡು ಮಾಡುತ್ತಾರಲ್ಲ, ಅದು ನಿಮ್ಮ ಹಾಗೆ ನನಗೂ ಆಗದು.

ನಿಮ್ಮ ಮಾತು ಸರಿ ಅನ್ನಿಸಿದ ಕಡೆಯೂ ಇದೆ. ‘ಮಿಸ್ಟರ್ ಕೈಟ್’ ಹಾಡಿನ ಬಾಲಕ್ಕೆ ಇನ್ನೆರಡು ಹಾಡುಗಳ ತುಂಡು ಕಟ್ಟಿದ್ದು ನನಗೂ ಜಾಸ್ತಿಯಾಯಿತು. ಅಲ್ಲಿ ಸರ್ಕಸ್ಸಿನ ಅಗತ್ಯ ಗೆದ್ದಿದೆ, ಹಾಡು ಸೋತಿದೆ. ವಿಮರ್ಶೆಯಲ್ಲಿ ಅದನ್ನು ಬರೆಯಬೇಕಿತ್ತು. ‘ಬೀಟಲ್ಸ್‌ರ ಹೊಸ ಹಾಡುಗಳು’ ಎಂಬ ತಲೆಬರಹವೂ ತಪ್ಪು. ಅದು ನನ್ನ ಕೈಯಿಂದಲೇ ಹೋದದ್ದು. ಕ್ಷಮಿಸಿ.

ಹೊಸದಾಗಿ ರೆಕಾರ್ಡ್ ಮಾಡಿ ಸೇರಿಸಿದ್ದು ಒಂದೇ ಒಂದು. ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’ ಹಾಡನ್ನು 1968ರಲ್ಲಿ ಹ್ಯಾರಿಸನ್ ಗಿಟಾರ್ ಹಿಡಿದು ಹಾಡಿದ ಒಂದು ಟೇಕ್ ಇತ್ತು. ಅದಕ್ಕೆ ಜಾರ್ಜ್ ಮಾರ್ಟಿನ್ ತಂತಿವಾದ್ಯಗಳನ್ನು ಬರೆದರು. 1965ರಲ್ಲಿ ‘ಯೆಸ್ಟರ್ಡೇ’ ಹಾಡಿಗೆ ತಂತಿವಾದ್ಯ ಬರೆದವರೂ ಅವರೇ. ‘ಲವ್’ ಹೊತ್ತಿಗೆ ಅವರಿಗೆ ಎಂಬತ್ತು. ಕಿವಿ ಮಂದವಾಗಿತ್ತು, ಅದಕ್ಕೇ ಮಗ ಪಕ್ಕದಲ್ಲಿದ್ದದ್ದು. ಆ ಟೇಕಿನಲ್ಲಿ ಹಾಡುವ ಹುಡುಗ ಹ್ಯಾರಿಸನ್‌ಗೆ ಇಪ್ಪತ್ತೈದು ವರ್ಷ. ಆಲ್ಬಮ್ ಬರುವ ಹೊತ್ತಿಗೆ ಅವನು ಹೋಗಿ ಐದು ವರ್ಷವಾಗಿತ್ತು. ಪಿಟೀಲುಗಳು ಎಲ್ಲೂ ಆ ದನಿಯ ಮೇಲೆ ಬೀಳುವುದಿಲ್ಲ. ಅವನು ಉಸಿರು ತೆಗೆದುಕೊಳ್ಳುವ ಕಡೆ ಕಾಯುತ್ತವೆ, ಆಮೇಲೆ ಜೊತೆಗೆ ನಡೆಯುತ್ತವೆ.

ಇಲ್ಲದ್ದನ್ನು ಮೆತ್ತಬಾರದು ಅನ್ನುವ ನನ್ನ ನಿಯಮಕ್ಕೆ ಇದೂ ಹೊರಗಿನದೇ, ಗೊತ್ತು. ಆದರೂ ಇದನ್ನು ಬೇಡ ಅನ್ನಲು ನನ್ನಿಂದ ಆಗುತ್ತಿಲ್ಲ. ಇಡೀ ಆಲ್ಬಮ್ ಬಿಡಿ, ಇದೊಂದನ್ನು ಒಂದು ರಾತ್ರಿ ಕೇಳಿ. ಆಮೇಲೂ ಸಿಟ್ಟು ಉಳಿದಿದ್ದರೆ ಬರೆಯಿರಿ. ಒಂದು ಸಾಲೂ ಕತ್ತರಿಸದೆ ಅಚ್ಚು ಹಾಕುತ್ತೇವೆ.

– ಸಂಪಾದಕ