ಟರ್ಮಿನಲ್‌ನಿಂದಲೇ ಇಮೇಲ್ ವಿಂಗಡಿಸಲು ಸೀವ್ ಕಲಿಯಿರಿ, ಪ್ರಾಕ್‌ಮೇಲ್ ಬೇಡ

ನಿಮ್ಮ ಪ್ರಶ್ನೆ ಇಷ್ಟು: ಟರ್ಮಿನಲ್‌ನಲ್ಲಿ ಓಡುವ ಮಟ್ ಎಂಬ ಪ್ರೋಗ್ರಾಂನಲ್ಲಿ ಮೇಲ್ ಓದುತ್ತೀರಿ. ಡೆಬಿಯನ್ (ಲಿನಕ್ಸ್‌ನ ಒಂದು ರೂಪ) ಮೇಲಿಂಗ್ ಲಿಸ್ಟ್, ಬ್ಯಾಂಕಿನ ಅಲರ್ಟ್, ಸರ್ವರ್‌ನ ಕ್ರಾನ್ (ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆ) ವರದಿ ಎಲ್ಲವೂ ಇನ್‌ಬಾಕ್ಸ್‌ಗೇ ಬಂದು ಬೀಳುತ್ತಿವೆ. ಅವು ತಾವಾಗಿಯೇ ತಂತಮ್ಮ ಫೋಲ್ಡರ್‌ಗೆ ಹೋಗಬೇಕು. ಅದಕ್ಕೆ ಪ್ರಾಕ್‌ಮೇಲ್ ಎಂಬ ಮೇಲ್ ವಿಂಗಡಿಸುವ ಹಳೆಯ ಪ್ರೋಗ್ರಾಂ ಕಲಿಯಬೇಕಾ?

ಬೇಡ. ಪ್ರಾಕ್‌ಮೇಲ್ ಒಂದು ಕಾಲಕ್ಕೆ ಎಲ್ಲರ ಮನೆಮಾತಾಗಿತ್ತು, ನಿಜ. ಆದರೆ 2001ರಲ್ಲಿ 3.22 ಆವೃತ್ತಿ ಬಂದ ಮೇಲೆ ಸುಮಾರು ಇಪ್ಪತ್ತು ವರ್ಷ ಹೊಸದು ಬರಲೇ ಇಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ಫಿಲಿಪ್ ಗುಂಥರ್ ಅವರೇ 2014ರಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನಿಂದ ಅದನ್ನು ತೆಗೆದುಹಾಕಿ ಎಂದು ಕೇಳಿಕೊಂಡರು. ಹೊಸದಾಗಿ ಶುರು ಮಾಡುವವರು ಅತ್ತ ಹೋಗುವುದು ಸುಮ್ನೆ ತಲೆನೋವು.

ನಿಮಗೆ ಬೇಕಾಗಿರುವುದು ಸೀವ್. ಮೇಲ್ ವಿಂಗಡಿಸುವುದಕ್ಕೆಂದೇ ಮಾಡಿದ ಪುಟ್ಟ ಭಾಷೆ ಇದು. 2001ರಲ್ಲಿ ಮೊದಲ ಸಲ ಆರ್‌ಎಫ್‌ಸಿಯಾಗಿ (ಇಂಟರ್ನೆಟ್ ಮಾನದಂಡದ ದಾಖಲೆ) ಬಂತು, 2008ರಲ್ಲಿ ಆರ್‌ಎಫ್‌ಸಿ 5228 ಆಗಿ ಪರಿಷ್ಕಾರಗೊಂಡಿತು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಲೂಪ್ ಇದರಲ್ಲಿ ಇಲ್ಲ. ನಿಯಮ ತಪ್ಪಿ ಓಡದೇ ಹೋದರೂ ಮೇಲ್ ಕಳೆದುಹೋಗುವುದಿಲ್ಲ, ಇನ್‌ಬಾಕ್ಸ್‌ಗೆ ಬಂದು ಕೂರುತ್ತದೆ. ಎಲ್ಲಕ್ಕಿಂತ ದೊಡ್ಡ ಅನುಕೂಲ ಅಂದರೆ, ವಿಂಗಡಣೆ ಸರ್ವರ್‌ನಲ್ಲಿ, ಮೇಲ್ ಬಂದು ಮುಟ್ಟುವ ಹೊತ್ತಿಗೇ ಆಗಿಬಿಡುತ್ತದೆ. ನಿಮ್ಮ ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಕೆಲಸ ನಡೆಯುತ್ತದೆ. ಲಿಸ್ಟಿನ ಪ್ರತಿ ಪತ್ರಕ್ಕೂ ಫೋನ್ ಟಿಣ್ ಅನ್ನುವುದಿಲ್ಲ.

ನಿಮ್ಮ ಸರ್ವರ್‌ನಲ್ಲಿ ಡವ್‌ಕಾಟ್ ಎಂಬ ಮೇಲ್ ಸರ್ವರ್ ತಂತ್ರಾಂಶ ಇದ್ದರೆ ಅದರ ಪಿಜನ್‌ಹೋಲ್ ಪ್ಲಗಿನ್ ಸೀವ್ ಓದುತ್ತದೆ. ಶೆಲ್ (ಸರ್ವರ್‌ನಲ್ಲಿ ಕಮಾಂಡ್ ಕೊಡುವ ಅವಕಾಶ) ಇಲ್ಲ, ಬರೀ ಮೇಲ್ ಖಾತೆ ಇದೆ ಅಂದರೂ ಚಿಂತೆಯಿಲ್ಲ. ಮ್ಯಾನೇಜ್‌ಸೀವ್ ಎಂಬ ಪ್ರೋಟೊಕಾಲ್ 4190ನೇ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುತ್ತಿದೆಯಾ ನೋಡಿ. ಇದ್ದರೆ ಸೀವ್-ಕನೆಕ್ಟ್ ಎಂಬ ಕಮಾಂಡ್‌ನಿಂದ ನಿಮ್ಮ ನಿಯಮಗಳ ಫೈಲ್ ಅಪ್‌ಲೋಡ್ ಮಾಡಿ, ಅಲ್ಲಿಂದಲೇ ಚಾಲೂ ಮಾಡಬಹುದು.

ಈಗ ನಿಯಮದ ವಿಷಯ. ಹೆಚ್ಚಿನವರು ಯಾರಿಂದ ಬಂತು, ಸಬ್ಜೆಕ್ಟ್‌ನಲ್ಲಿ ಏನಿದೆ ಎಂದು ನೋಡಿ ವಿಂಗಡಿಸಲು ಹೋಗುತ್ತಾರೆ. ಮೇಲಿಂಗ್ ಲಿಸ್ಟ್‌ಗೆ ಅದು ನಡೆಯುವುದಿಲ್ಲ. ಫ್ರಮ್‌ನಲ್ಲಿ ಬರೆದವರ ಹೆಸರಿರುತ್ತದೆ, ಡೆಬಿಯನ್ ಲಿಸ್ಟ್‌ಗಳು ಸಬ್ಜೆಕ್ಟ್‌ಗೆ ಯಾವ ಗುರುತನ್ನೂ ಸೇರಿಸುವುದಿಲ್ಲ. ಮಟ್‌ನಲ್ಲಿ ಒಂದು ಪತ್ರ ತೆರೆದು 'ಎಚ್' ಒತ್ತಿ, ಪೂರ್ತಿ ಹೆಡರ್, ಅಂದರೆ ಪತ್ರದ ಮೇಲ್ಗಡೆಯ ಮಾಹಿತಿ ಸಾಲುಗಳು ಕಾಣುತ್ತವೆ. ಅದರಲ್ಲಿ ಲಿಸ್ಟ್-ಐಡಿ ಎಂಬ ಸಾಲು ಹುಡುಕಿ. ಡೆಬಿಯನ್-ಯೂಸರ್ ಪತ್ರವಾದರೆ ಆ ಸಾಲಿನಲ್ಲಿ ಲಿಸ್ಟಿನ ಹೆಸರೂ ಡೆಬಿಯನ್‌ನ ವಿಳಾಸವೂ ಇರುತ್ತವೆ. ಯಾರೇ ಬರೆಯಲಿ, ಸಬ್ಜೆಕ್ಟ್ ಏನೇ ಇರಲಿ, ಇದು ಬದಲಾಗುವುದಿಲ್ಲ. ಯಾರಾದರೂ ಲಿಸ್ಟಿಗೂ ನಿಮಗೂ ಒಟ್ಟಿಗೆ ಉತ್ತರ ಬರೆದರೆ, ನಿಮಗೆ ನೇರ ಬಂದ ಪ್ರತಿಯಲ್ಲಿ ಈ ಸಾಲು ಇರುವುದಿಲ್ಲ, ಅದು ಇನ್‌ಬಾಕ್ಸ್‌ನಲ್ಲೇ ಉಳಿಯುತ್ತದೆ. ನಮಗೂ ಬೇಕಾಗಿರುವುದು ಅದೇ ಅಲ್ವಾ?

ನಿಯಮವನ್ನು ಮಾತಿನಲ್ಲಿ ಹೇಳುತ್ತೇನೆ. ಮೊದಲ ಸಾಲು 'ರಿಕ್ವೈರ್': ಫೈಲ್‌ಇಂಟು ಮತ್ತು ಮೇಲ್‌ಬಾಕ್ಸ್ ಬೇಕು ಎಂದು ಹೇಳಿ. ಆಮೇಲೆ 'ಇಫ್ ಹೆಡರ್', ಅದರ ಜೊತೆ 'ಕಂಟೇನ್ಸ್', ಲಿಸ್ಟ್-ಐಡಿ, ಲಿಸ್ಟಿನ ಹೆಸರು. ಆವರಣದೊಳಗೆ 'ಫೈಲ್‌ಇಂಟು', ಅದಕ್ಕೆ 'ಕ್ರಿಯೇಟ್' ಸೇರಿಸಿ, ಫೋಲ್ಡರ್ ಇಲ್ಲದಿದ್ದರೆ ತಾನೇ ಮಾಡಿಕೊಳ್ಳುತ್ತದೆ. ಕೊನೆಗೆ 'ಸ್ಟಾಪ್' ಹಾಕುವುದು ಮರೆಯಬೇಡಿ. ಹಾಕದಿದ್ದರೆ ಕೆಳಗಿನ ನಿಯಮಗಳೂ ಓಡುತ್ತವೆ, ಒಂದೇ ಪತ್ರ ಎರಡು ಫೋಲ್ಡರ್‌ನಲ್ಲಿ ಕೂರಬಹುದು.

ಕನ್ನಡದಲ್ಲಿ ಮೇಲ್ ಬರುವವರಿಗೆ ಇನ್ನೊಂದು ಮಾತು. ಕನ್ನಡ ಸಬ್ಜೆಕ್ಟ್ ಹೆಡರ್‌ನಲ್ಲಿ ಸಾಮಾನ್ಯವಾಗಿ ಬೇಸ್64 ಎಂಬ ಇಂಗ್ಲಿಷ್ ಅಕ್ಷರ-ಅಂಕೆಗಳ ರೂಪಕ್ಕೆ ತಿರುಗಿ ಬರುತ್ತದೆ. ಪ್ರಾಕ್‌ಮೇಲ್‌ಗೆ ಕಾಣುವುದು ಆ ಗೊಂದಲದ ಅಕ್ಷರಗಳಷ್ಟೇ. ಸೀವ್ ಅದನ್ನು ಮೊದಲು ಯೂನಿಕೋಡ್‌ಗೆ ಬಿಡಿಸಿ ಆಮೇಲೆ ಹೋಲಿಸುತ್ತದೆ. ಹಾಗಾಗಿ ನಿಯಮದಲ್ಲಿ 'ವಿದ್ಯುತ್ ಬಿಲ್' ಎಂದು ಕನ್ನಡದಲ್ಲೇ ಬರೆಯಬಹುದು, ಫೋಲ್ಡರ್ ಹೆಸರೂ ಕನ್ನಡದಲ್ಲಿರಬಹುದು. ಫೈಲನ್ನು ಯುಟಿಎಫ್-8ನಲ್ಲಿ ಉಳಿಸಿ, ಅಷ್ಟೇ. ಆದರೆ 'ಬ್ಯಾಂಕ್‌ನಿಂದ' ಎಂಬಂಥ ಪದ ಕೊಡಬೇಡಿ. ಕ್ ಮತ್ತು ನಿ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಕಳಿಸಿದವರು ಅದನ್ನು ಹಾಕಿದ್ದಾರೋ ಇಲ್ಲವೋ ಹೇಳಲಾಗದು. ಬರೀ 'ಬ್ಯಾಂಕ್' ಎಂದರೆ ಎರಡಕ್ಕೂ ಹೊಂದುತ್ತದೆ.

ಜಿಮೇಲ್‌ನಲ್ಲಿ ಸೀವ್ ನಡೆಯುವುದಿಲ್ಲ. ಅಲ್ಲಿ ಐಮ್ಯಾಪ್‌ಫಿಲ್ಟರ್ ಎಂಬ ಪ್ರೋಗ್ರಾಂ ಬಳಸಿ. ಲುವಾ ಭಾಷೆಯಲ್ಲಿ ನಿಯಮ ಬರೆದರೆ, ಐಮ್ಯಾಪ್ (ಸರ್ವರ್‌ನಲ್ಲಿರುವ ಮೇಲ್ ನೋಡುವ ಪ್ರೋಟೊಕಾಲ್) ಮೂಲಕ ಒಳಗೆ ಹೋಗಿ ಪತ್ರಗಳನ್ನು ಬೇರೆ ಫೋಲ್ಡರ್‌ಗೆ ಸಾಗಿಸುತ್ತದೆ. ಕ್ರಾನ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಓಡಿಸಿದರೆ ಸಾಕು. ಪಾಸ್‌ವರ್ಡ್ ಮಾತ್ರ ಫೈಲ್‌ನಲ್ಲಿ ಬರೆದಿಡಬೇಡಿ, ಬೇರೆ ಕಮಾಂಡ್‌ನಿಂದ ತರಿಸಿಕೊಳ್ಳುವ ದಾರಿ ಅದರಲ್ಲೇ ಇದೆ.

ಈಗಾಗಲೇ ಇನ್‌ಬಾಕ್ಸ್‌ನಲ್ಲಿ ಗುಡ್ಡೆ ಬಿದ್ದಿರುವ ಹಳೆಯ ಪತ್ರಗಳಿಗೆ, ಡವ್‌ಕಾಟ್ ಸರ್ವರ್‌ನ ಶೆಲ್ ಇದ್ದರೆ, ಸೀವ್-ಫಿಲ್ಟರ್ ಕಮಾಂಡ್ ಇದೆ. ಸುಮ್ಮನೆ ಓಡಿಸಿದರೆ ಏನೇನು ಎಲ್ಲಿಗೆ ಹೋಗುತ್ತದೆ ಎಂದು ತೋರಿಸುತ್ತದೆ, ಯಾವುದನ್ನೂ ಮುಟ್ಟುವುದಿಲ್ಲ. ಅದನ್ನು ಓದಿ ನೋಡಿ, ಸರಿ ಅನಿಸಿದ ಮೇಲೆ ಮೈನಸ್ 'ಇ' ಮತ್ತು ಮೈನಸ್ ದೊಡ್ಡ 'ಡಬ್ಲ್ಯೂ' ಸೇರಿಸಿ ಮತ್ತೆ ಓಡಿಸಿ.