ಮನೆಯವರು ನನ್ನ ಜೊತೆ ಬೋರ್ಡ್ ಗೇಮ್ ಆಡುತ್ತಾರೆ, ಅವರ ಋಣ ತೀರಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಕೊಡಗಿನ ಸೋಮವಾರಪೇಟೆ ಹತ್ತಿರದ ತೋಟದ ಮನೆ. ಮಳೆಗಾಲದ ಸಂಜೆ ಅಪ್ಪ, ಅಮ್ಮ, ಹೆಂಡತಿ, ಮಗಳು ನಿಮ್ಮ ಜೊತೆ ಕೂತು ಕಟಾನ್, ಕಾರ್ಕಸಾನ್ ಆಡುತ್ತಾರೆ. ಇಷ್ಟು ಮಾಡುವವರಿಗೆ ಏನು ಕೊಡಲಿ ಎಂದು.

ಉಡುಗೊರೆ ಬೇಡ. ಅಮ್ಮನಿಗೆ ‘ಥ್ಯಾಂಕ್ಸ್’ ಅಂದರೆ ‘ಏನಾಯ್ತೋ ನಿಂಗೆ’ ಅಂತಾರೆ. ಅವರು ನಿಮಗೆ ಕೊಡುತ್ತಿರುವುದು ದಿನವಿಡೀ ದುಡಿದ ಮೇಲೆ ಉಳಿದ ಒಂದೂವರೆ ಗಂಟೆ. ಆ ಹೊತ್ತಿನ ಕೆಲಸವೆಲ್ಲ ನಿಮ್ಮ ಕೈಯಲ್ಲೇ ಮುಗಿಯಬೇಕು, ಅವರು ಬಂದು ಕೂತರೆ ಸಾಕು ಅನ್ನುವಂತಿರಬೇಕು. ನನ್ನ ಪ್ರಕಾರ ಕೃತಜ್ಞತೆ ಅಂದರೆ ಇದೇ.

ಮೊದಲು ತಲೆ ಎಣಿಸಿ. ನೀವು ಐದು ಜನ. ಕಟಾನ್‌ನ ಮೂಲ ಪೆಟ್ಟಿಗೆ 3-4 ಜನಕ್ಕೆ. ಐದನೆಯವರು ಯಾರು? ‘ನೀವಾಡಿ, ನಾನು ಕಾಫಿ ಮಾಡ್ತೀನಿ’ ಅಂತ ಏಳುವವರು ಪ್ರತಿ ಸಲ ಅಮ್ಮನೇ. ಎಲ್ಲರೂ ಇರುವ ದಿನ ಕಾರ್ಕಸಾನ್ ತೆಗೆಯಿರಿ, ಅದು 2ರಿಂದ 5 ಜನಕ್ಕೆ. ಸರದಿಗೊಂದರಂತೆ ಮೇಜಿನ ಮೇಲೆ ಜೋಡಿಸುತ್ತಾ ಹೋಗುವ ಚೌಕ ರಟ್ಟಿನ ಬಿಲ್ಲೆಗಳ ಮೇಲೆ ಬರೀ ಚಿತ್ರ, ಇಂಗ್ಲಿಷ್ ಓದಬೇಕಾಗಿಲ್ಲ. ಒಟ್ಟು 72 ಬಿಲ್ಲೆ, ಒಂದು ಮೊದಲೇ ಮೇಜಿನ ಮೇಲಿರುತ್ತದೆ. ಐದು ಜನ ಆಡಿದರೆ ಒಬ್ಬೊಬ್ಬರಿಗೆ ಸುಮಾರು 14 ಸರದಿ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಯಾರ ಊಟಕ್ಕೂ ತಡವಾಗುವುದಿಲ್ಲ.

ನಿಯಮದ ಪುಸ್ತಕ ಓದಿ ಹೇಳಬೇಡಿ. ಹೆಚ್ಚಿನ ಮನೆಗಳಲ್ಲಿ ಆಟ ಕೆಡುವುದು ಇಲ್ಲೇ, ಹತ್ತು ನಿಮಿಷಕ್ಕೆ ಅಪ್ಪ ಕಿಟಕಿ ಕಡೆ ನೋಡಲು ಶುರುಮಾಡುತ್ತಾರೆ. ಕಾರ್ಕಸಾನ್‌ಗೆ ಮೂರೇ ಮಾತು ಹೇಳಿ: ಪೂರ್ತಿಯಾದ ರಸ್ತೆಗೆ ಬಿಲ್ಲೆಗೊಂದು ಅಂಕ, ಪೂರ್ತಿಯಾದ ಪಟ್ಟಣಕ್ಕೆ ಬಿಲ್ಲೆಗೆ ಎರಡು, ಸುತ್ತಲೂ ತುಂಬಿದ ಮಠಕ್ಕೆ ಒಂಬತ್ತು. ಪಟ್ಟಣದ ಗುರಾಣಿ ಚಿಹ್ನೆಗೆ ಇನ್ನೆರಡು ಅನ್ನುವುದನ್ನು ಅದು ಕಂಡಾಗ ಹೇಳಿದರಾಯಿತು. ಹೊಲದಲ್ಲಿ ಆಳು (ಮನುಷ್ಯನಾಕಾರದ ಕಾಯಿ) ಮಲಗಿಸುವ ನಿಯಮವನ್ನು ಮೊದಲ ಎರಡು ಆಟ ಬಿಟ್ಟೇಬಿಡಿ. ಕೊನೆಯಲ್ಲಿ ಆ ಲೆಕ್ಕದಿಂದ ಗೆಲ್ಲುತ್ತಿದ್ದವರು ಸೋತರೆ ಹೊಸಬರಿಗೆ ಮೋಸ ಹೋದ ಹಾಗೆ ಅನಿಸುತ್ತದೆ.

ಇನ್ನು ಪೆಟ್ಟಿಗೆಗಳ ಆರೈಕೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟು ಬದುಕುವುದೇ ಕಷ್ಟ. ಹೊರಗೋಡೆಗೆ ಒತ್ತಿಟ್ಟ ಪೆಟ್ಟಿಗೆಯ ಹಿಂಭಾಗಕ್ಕೆ ಮೊದಲು ಬೂಸು ಹಿಡಿಯುತ್ತದೆ. ಒಳಗೋಡೆಯ ಕಪಾಟಿನಲ್ಲಿ, ಗೋಡೆಯಿಂದ ಎರಡು ಇಂಚು ಬಿಟ್ಟು ಇಡಿ. ಮಳೆಗಾಲಕ್ಕೆ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬ ಇನ್ನೂ ಒಳ್ಳೆಯದು, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ. ಬಣ್ಣ ಬದಲಾಗುವ ಜಾತಿಯದು ತಂದರೆ ಯಾವಾಗ ಒಣಗಿಸಬೇಕೆಂದು ಗೊತ್ತಾಗುತ್ತದೆ. ಕಾರ್ಡುಗಳಿಗೆ ಸ್ಲೀವ್ (ತೆಳು ಪ್ಲಾಸ್ಟಿಕ್ ಕವಚ) ಹಾಕುವುದನ್ನು ಏಪ್ರಿಲ್‌ಗೂ ಮುಂಚೆ, ಒಣಹವೆಯಲ್ಲೇ ಮುಗಿಸಿ; ಆಗಸ್ಟಿನಲ್ಲಿ ಹಾಕಿದರೆ ತೇವವನ್ನೂ ಒಳಗೇ ಕಟ್ಟಿದಂತೆ. ಅಳತೆ ನೋಡಿಕೊಂಡು ತನ್ನಿ: ಕಟಾನ್ ಕಾರ್ಡು 54×80 ಮಿ.ಮೀ., ಸಾಮಾನ್ಯ ದೊಡ್ಡ ಕಾರ್ಡು 63.5×88.

ಬೋರ್ಡು ಬಾಗಿದರೆ ಒಲೆ ಹತ್ತಿರ ಹಿಡಿಯಬೇಡಿ. ಬಿಸಿ ತಾಗಿದ ಮಗ್ಗುಲು ಬೇಗ ಒಣಗಿ ಕುಗ್ಗುತ್ತದೆ, ಬಾಗು ಇನ್ನೂ ಹೆಚ್ಚುತ್ತದೆ. ಎರಡು ಚಪ್ಪಟೆ ಹಲಗೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ಎರಡು ಮೂರು ದಿನ ಬಿಡಿ.

ಕಾಫಿ ಲೋಟಗಳಿಗೆ ಬೇರೆಯೇ ಸ್ಟೂಲ್ ಇರಲಿ. ಆಗಸ್ಟ್ 3ರಂದು ಕೊಡಗಿನ ಮನೆಗಳಲ್ಲಿ ಮಾಡುವ ಮದ್ದುಸೊಪ್ಪಿನ (ಔಷಧಿ ಸೊಪ್ಪಿನ) ಪಾಯಸ ಆದ ಮೇಲಂತೂ ಎಲ್ಲರೂ ಕೈತೊಳೆದೇ ಕೂರಲಿ. ಆ ನೇರಳೆ ಬಣ್ಣ ರಟ್ಟಿಗೆ ಹತ್ತಿದರೆ ಹೋಗುವುದಿಲ್ಲ. ಕರೆಂಟು ಹೋಗುವುದು ಖಂಡಿತ, ಚಾರ್ಜ್ ಆಗಿರುವ ದೀಪ ಮೊದಲೇ ಮೇಜಿನ ಮೇಲಿರಲಿ. ಮೇಣದಬತ್ತಿ ಬೇಡ.

ಯಾವಾಗ ಕರೆಯಬಾರದು ಅನ್ನುವುದೂ ಮುಖ್ಯ. ಡಿಸೆಂಬರ್‌ನಿಂದ ಕಾಫಿ ಕೊಯ್ಲು ಮುಗಿಯುವವರೆಗೆ ಯಾರನ್ನೂ ಒತ್ತಾಯಿಸಬೇಡಿ; ಸಂಜೆ ಕಣದಿಂದ ಬಂದವರಿಗೆ ಬೇಕಾದ್ದು ಬಿಸಿನೀರು ಮತ್ತು ನಿದ್ದೆ. ಆಟದ ದಿನ ರಾತ್ರಿಯ ಪಾತ್ರೆ ನಿಮ್ಮ ಪಾಲಿಗಿರಲಿ. ಬಿಲ್ಲೆ ಎಣಿಸಿ ಪೆಟ್ಟಿಗೆಗೆ ತುಂಬುವ ಕೆಲಸವೂ ನಿಮ್ಮದೇ. ಆದರೆ ಮಗಳು ತಾನಾಗಿ ಕೈಹಾಕಿದರೆ ತಡೆಯಬೇಡಿ, ಆ ಹುಚ್ಚು ಅವಳಿಗೂ ಹತ್ತಲಿ.

ನಾಲ್ಕು ಸಲ ಅವರು ನಿಮ್ಮ ಆಟಕ್ಕೆ ಬಂದರೆ, ಒಂದು ಸಲವಾದರೂ ನೀವು ಅವರ ಆಟಕ್ಕೆ ಕೂರಿ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಅಮ್ಮನಿಗೆ ಚೌಕಾಬಾರ ಬರುತ್ತದೆಯೇ ಕೇಳಿ ನೋಡಿ. ಐದು ಸಾಲು ಐದು ಮನೆ ಬರೆಯಲು ಸೀಮೆಸುಣ್ಣ ಸಾಕು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಎರಡಕ್ಕೂ ಮತ್ತೊಂದು ಎಸೆತ. ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವ ಹಾಗಿಲ್ಲ ಅನ್ನುವುದು ಕೆಲವು ಮನೆಗಳ ಕಟ್ಟು, ನಿಮ್ಮಲ್ಲಿ ಹೇಗೆ ಎಂದು ಅಮ್ಮನ ಬಾಯಿಂದಲೇ ಕೇಳಿ. ಆ ದಿನ ನಿಯಮ ಹೇಳಿಕೊಡುವವರು ಅವರು. ಕವಡೆ ಮಾತ್ರ ಆರು ತಂದಿಡಿ, ಒಂದೆರಡು ಕಳೆದೇ ಕಳೆಯುತ್ತವೆ.