ಕ್ಯೋಟೋದ ಹೆಸರಾಂತ ರೆಸ್ಟೋರೆಂಟಿನ ಮಧ್ಯಾಹ್ನದ ಊಟ ಸಪ್ಪೆಯೆನಿಸಿತು: ತಪ್ಪು ನಮ್ಮ ನಾಲಿಗೆಯದೋ, ಅಡುಗೆಮನೆಯದೋ?

ಜುಲೈನಲ್ಲಿ 8,000 ಯೆನ್‌ನ ಶೊಕಾದೊ ಬೆಂತೊ ಎಂಬ ಪೆಟ್ಟಿಗೆಯೂಟ ತೆಗೆದುಕೊಂಡಿರಿ, ಸೂಪು ಸಪ್ಪೆ, ಅದೂ ಉಗುರುಬೆಚ್ಚಗೆ, ಅನ್ನ ತಣ್ಣಗೆ, ಹಾಮೊ ಮೀನಿನಲ್ಲಿ ಮುಳ್ಳು ಎಂದು ಬರೆದಿದ್ದೀರಿ. ಇದರಲ್ಲಿ ಉಪ್ಪು ಕಡಿಮೆಯಿರುವುದೂ ಅನ್ನ ತಣ್ಣಗಿರುವುದೂ ಆ ಊಟದ ರೀತಿ. ಸೂಪು ಆರಿದ್ದು, ಮೀನಿನಲ್ಲಿ ಮುಳ್ಳು ಸಿಕ್ಕಿದ್ದು ಮಾತ್ರ ಅಡುಗೆಮನೆಯ ತಪ್ಪೇ. ಹಳೆಯ ಹೆಸರಿಗೆ ಹೆದರಿ ನಿಮ್ಮ ನಾಲಿಗೆಯನ್ನು ಅನುಮಾನಿಸಬೇಡಿ.

ಜಪಾನಿನ ಈ ಬಗೆಯ ಊಟದಲ್ಲಿ ಅಡುಗೆಯವರ ಕೈಗುಣ ಗೊತ್ತಾಗುವುದು ಮುಚ್ಚಳವಿರುವ ಬಟ್ಟಲಿನ ಸೂಪಿನಲ್ಲಿ. ಅದರ ಜೀವ ದಾಶಿ ಎಂಬ ತಿಳಿಸಾರು. 1 ಲೀಟರ್ ನೀರಿಗೆ ಸುಮಾರು 10 ಗ್ರಾಂ ಕೊಂಬು ಎಂಬ ಒಣ ಕಡಲಪಾಚಿ (ಕ್ಯೋಟೋದಲ್ಲಿ ಹೆಚ್ಚಾಗಿ ರಿಶಿರಿ ದ್ವೀಪದ್ದು) ಹಾಕಿ 60 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಇಡುತ್ತಾರೆ. ಕುದಿ ಬರುವ ಮೊದಲೇ ತೆಗೆಯಬೇಕು, ಇಲ್ಲವಾದರೆ ಲೋಳೆಯೂ ಪಾಚಿವಾಸನೆಯೂ ಬಿಡುತ್ತದೆ. ಆಮೇಲೆ 20–30 ಗ್ರಾಂ ಕಟ್ಸುವೊಬುಶಿ, ಅಂದರೆ ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನಿನ ತೆಳು ಹೆರೆತ, ಹಾಕಿ ಸ್ವಲ್ಪ ಹೊತ್ತಿನಲ್ಲೇ ಸೋಸುತ್ತಾರೆ. ಬಟ್ಟೆ ಹಿಂಡಿದರೆ ದಾಶಿ ಕದಡಿ ಒಗರಾಗುತ್ತದೆ. ಮೊದಲ ಗುಟುಕಿಗೆ ಉಪ್ಪು ಕಡಿಮೆ ಅನಿಸುವಂತೆ, ಬಟ್ಟಲು ಖಾಲಿಯಾಗುವ ಹೊತ್ತಿಗೆ ಸರಿಹೋಗುವಂತೆ ಹದ ಮಾಡುವುದು ಬೇಕೆಂತಲೇ. ಆದರೆ ಈ ಹದ ನಿಂತಿರುವುದೇ ಪರಿಮಳದ ಮೇಲೆ, ಪರಿಮಳ ಏಳುವುದು ಬಿಸಿಯಿದ್ದರೆ ಮಾತ್ರ. ಮುಚ್ಚಳ ತೆಗೆದಾಗ ಒಳಗಡೆ ನೀರಹನಿ ನಿಂತಿರಬೇಕು, ಯುಜು ಎಂಬ ನಿಂಬೆಜಾತಿಯ ಹಣ್ಣಿನ ಸಿಪ್ಪೆಯ ಘಮ ಹಬೆಯೊಡನೆ ಮೇಲೇಳಬೇಕು. ಬೆಳಿಗ್ಗೆಯೇ ಮಾಡಿಟ್ಟ ದಾಶಿಯಲ್ಲಿ ಆ ಘಮ ಉಳಿಯುವುದಿಲ್ಲ. ಸೂಪು ಆರಿದ್ದರೆ ‘ಚೊತ್ತೊ ನುರುಯಿ ದೆಸು’ (ಸ್ವಲ್ಪ ಆರಿದೆ) ಎಂದು ಮೆಲ್ಲಗೆ ಹೇಳಿ. ಬದಲಾಯಿಸಿ ಕೊಡುವುದು ಅವರ ಕರ್ತವ್ಯ.

ಹಾಮೊ ಕ್ಯೋಟೋದ ಬೇಸಿಗೆಯ ಮೀನು, ಗಿಯೊನ್ ಹಬ್ಬದ ತಿಂಗಳಲ್ಲಿ ಎಲ್ಲ ಕಡೆಯೂ ಇರುತ್ತದೆ. ಮೈತುಂಬ ಕೂದಲಿನಂಥ ಮುಳ್ಳು, ಕಿತ್ತು ತೆಗೆಯಲಾಗದು. ಹಾಗಾಗಿ ಭಾರದ ಕತ್ತಿಯಿಂದ 3 ಸೆಂ.ಮೀ.ಗೆ ಸುಮಾರು 24 ಸೀಳು ಹಾಕುತ್ತಾರೆ. ಪ್ರತಿ ಸೀಳೂ ಚರ್ಮದವರೆಗೆ ಇಳಿಯಬೇಕು, ಚರ್ಮ ಮಾತ್ರ ತುಂಡಾಗಬಾರದು. ಸೀಳು ಮೇಲೆಮೇಲೆಯೇ ನಿಂತರೆ ಅಥವಾ ದೂರದೂರ ಬಿದ್ದರೆ ಬಾಯಿಗೆ ಮುಳ್ಳು ಸಿಕ್ಕೇ ಸಿಗುತ್ತದೆ.

ಶೊಕಾದೊ ಬೆಂತೊ ನಾಲ್ಕು ಮನೆಗಳ ಚೌಕ ಪೆಟ್ಟಿಗೆ. ಅಚ್ಚಿನಲ್ಲಿ ಒತ್ತಿದ ಅನ್ನವೂ ಬಹುಪಾಲು ಪದಾರ್ಥಗಳೂ ಮೊದಲೇ ತಯಾರಾಗಿರುತ್ತವೆ. ಒಂದೊಂದಾಗಿ ಬಿಸಿಬಿಸಿ ಬರಬೇಕೆಂದರೆ ಬುಕ್ ಮಾಡುವಾಗಲೇ ಕೈಸೆಕಿ ಕೋರ್ಸ್ ಕೇಳಬೇಕು. ನನ್ನನ್ನು ಕೇಳಿದರೆ, ಅದೇ ದುಡ್ಡಿಗೆ ದೊಡ್ಡ ಹೆಸರಿನ ಬೆಂತೊಗಿಂತ, ಅಡುಗೆಯವರು ಎದುರಿಗೇ ನಿಂತು ಮಾಡಿಕೊಡುವ ಎಂಟ್ಹತ್ತು ಸೀಟಿನ ಕಪ್ಪೊ ಅಂಗಡಿಯೇ ಲೇಸು. ಬಿಲ್ಲನ್ನೂ ಮೊದಲೇ ಲೆಕ್ಕ ಹಾಕಿ: ಸೇವಾ ಶುಲ್ಕ, ತೆರಿಗೆ ಎರಡೂ ಬೇರೆ ಎಂದಿದ್ದರೆ 8,000ಕ್ಕೆ ಶೇ 15, ಅದರ ಮೇಲೆ ಶೇ 10 ಸೇರಿ 10,120 ಯೆನ್ ಆಗುತ್ತದೆ.

ನಿಮ್ಮ ಸಸ್ಯಾಹಾರಿ ಅಮ್ಮನಿಗೆ ಮೀನಿನ ತುಂಡು ತೆಗೆದು ಅದೇ ಊಟ ಕೊಟ್ಟರು ಎಂದಿರಿ. ಬೇಯಿಸಿದ ತರಕಾರಿಯಲ್ಲೂ ಮಿಸೊ ಸೂಪಿನಲ್ಲೂ ಅದೇ ಮೀನಿನ ದಾಶಿ ಇದ್ದಿರಬಹುದು. ‘ಮೀನು ಬೇಡ’ ಎಂದರೆ ಸಾಲದು. ಕೊಂಬು ಮತ್ತು ಒಣ ಶಿಟಾಕೆ ಅಣಬೆಯ ದಾಶಿಯಲ್ಲೇ ಮಾಡಬೇಕು ಎಂದು ಬುಕ್ ಮಾಡುವಾಗಲೇ ಬರೆದು ತಿಳಿಸಿ. ಹೋದಮೇಲೆ ಹೇಳಿದರೆ ಆಗುವುದಿಲ್ಲ. ಅಮ್ಮನಿಗೆ ಇನ್ನೂ ನೆಮ್ಮದಿಯದೆಂದರೆ ಬೌದ್ಧ ದೇವಾಲಯಗಳ ಶೋಜಿನ್ ಎಂಬ ಸಸ್ಯಾಹಾರಿ ಊಟ. ಕ್ಯೋಟೋದ ಅರಶಿಯಾಮದಲ್ಲಿರುವ ತೆನ್‌ರ್ಯೂಜಿ ದೇವಾಲಯದ ಆವರಣದ ಶಿಗೆತ್ಸು ಎಂಬ ರೆಸ್ಟೋರೆಂಟಿನಲ್ಲಿ ಮೀನು, ಮಾಂಸ ಎರಡೂ ಇಲ್ಲದ ಊಟ ಸಿಗುತ್ತದೆ.